ಹುಬ್ಬಳ್ಳಿ–ಹಾವೇರಿ ಹೆದ್ದಾರಿಯಲ್ಲಿ 140: ಕಾರು ತಾಳುತ್ತದೆ, ರಸ್ತೆ ತಾಳುತ್ತದೆಯೇ?

ಗೋಕುಲ ರಸ್ತೆಯ ಹುಡುಗ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಈ ಮಾತು ಎತ್ತಿದರೆ ಊಟದ ಹೊತ್ತು ಕೆಡುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ ವೇಗವೆಂದರೆ ಪ್ರೀತಿ. ಕೆಲಸದ ಮೇಲೆ ಹಾವೇರಿಗೆ ಆಗಾಗ ಹೋಗುತ್ತೇನೆ, ಟರ್ಬೊ ಪೆಟ್ರೋಲ್ ಕಾರು ಇದೆ. ಬೆಳಗಿನ ಆರರ ಹೊತ್ತಿಗೆ ಗಬ್ಬೂರು ಬಿಟ್ಟರೆ ವರೂರಿನ ತನಕ ಲಾರಿಗಳು ಇರುತ್ತವೆ. ಶಿಗ್ಗಾವಿ ಹಿಂದೆ ಬಿದ್ದು ಬಂಕಾಪುರ ಹತ್ತಿರವಾದಂತೆ ಮೂರೂ ಪಥ ಖಾಲಿ. ಮೂರನೇ ಗೇರಿನಲ್ಲಿ ಕಾಲೊತ್ತಿದಾಗ ಟರ್ಬೊ ಒಮ್ಮೆಲೇ ಎಳೆದುಕೊಳ್ಳುತ್ತದೆ, ಬೆನ್ನು ಸೀಟಿಗೆ ಅಂಟುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ವಿಭಜಕದ ಕಣಗಿಲೆ ಗಿಡಗಳು ಒಂದೊಂದಾಗಿ ಕಾಣುವುದು ನಿಂತು ಉದ್ದಕ್ಕೆ ಹಸಿರು ಗೆರೆಯಾಗುತ್ತವೆ. 120 ದಾಟಿದ ಕೂಡಲೇ ಡ್ಯಾಶ್‌ಬೋರ್ಡಿನ ಎಚ್ಚರಿಕೆ ಸದ್ದು ಬಿಡದೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ತಲೆಯಲ್ಲಿ ಬೇರೆ ಯಾವ ಚಿಂತೆಯೂ ಉಳಿಯುವುದಿಲ್ಲ. ಸಾಲದ ಕಂತು, ಆಫೀಸು, ಯಾವುದೂ ಇಲ್ಲ. ನಾನು, ರಸ್ತೆ, ಕಾರು ಅಷ್ಟೇ.

ಆರು ಪಥದ ರಸ್ತೆ, ನಡುವೆ ವಿಭಜಕ, ಆರು ಏರ್‌ಬ್ಯಾಗ್, ಐದು ನಕ್ಷತ್ರದ ಸುರಕ್ಷತಾ ಅಂಕ. ಹೀಗಿರುವಾಗ ಖಾಲಿ ಹೊತ್ತಿನಲ್ಲಿ 140 ಎಂಬುದು ನಿಜವಾಗಿಯೂ ಅಪಾಯವೇ? ಅಥವಾ ಅಂಬಾಸಿಡರ್ ಕಾಲದ ಹೆದರಿಕೆಯನ್ನೇ ನಾವು ಇನ್ನೂ ಹೊತ್ತುಕೊಂಡಿದ್ದೇವೆಯೇ? ಬೈಯುವವರು ಬೈಯಿರಿ, ಆದರೆ ಕಾರಣ ಕೊಟ್ಟು ಬೈಯಿರಿ.

ರಾಣೆಬೆನ್ನೂರು ಬೈಕ್ ಸವಾರ

ಅಣ್ಣ, ನಾನು ನಿಮ್ಮ ಪಕ್ಷ. ನಿಧಾನವಾಗಿ ಬಲಗಡೆಯ ಪಥ ಹಿಡಿದು ಮೊಬೈಲ್ ನೋಡುತ್ತ ಹೋಗುವವನಿಗಿಂತ, ಕಣ್ಣು ಬಿಟ್ಟುಕೊಂಡು 140ರಲ್ಲಿ ಹೋಗುವವನು ಎಷ್ಟೋ ವಾಸಿ. ಜರ್ಮನಿಯಲ್ಲಿ 200ರಲ್ಲಿ ಹೋಗುತ್ತಾರೆ, ಯಾರೂ ಕೇಳುವುದಿಲ್ಲ.

ಸಪ್ತಾಪುರದ ಮಾಸ್ತರ

ಕಾರಣ ಕೇಳಿದ್ದೀರಿ, ಲೆಕ್ಕದಲ್ಲೇ ಕೊಡುತ್ತೇನೆ. ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಈ ಲೆಕ್ಕವನ್ನು ಪರೀಕ್ಷೆಗೆಂದು ಬರೆಯುವ ಹುಡುಗರು ಗಾಡಿ ಹತ್ತಿದಾಗ ಮರೆಯುವುದನ್ನು ಕಂಡು ನೋವಾಗುತ್ತದೆ.

ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. 140 ಎಂದರೆ 39 ಮೀಟರ್. ಎದುರಿಗೆ ಏನೋ ಕಂಡು, ಅದೇನೆಂದು ತಿಳಿದು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಅದೂ ನೀವು ಚುರುಕಾಗಿದ್ದರೆ. ಆಮೇಲೆ ಒಣ ರಸ್ತೆ, ಒಳ್ಳೆಯ ಟೈರು, ಪೂರ್ತಿ ಬ್ರೇಕ್ ಎಂದು ಹಿಡಿಯೋಣ. 60ರಲ್ಲಿದ್ದ ಕಾರು ಒಟ್ಟು 37 ಮೀಟರಿನಲ್ಲಿ ನಿಲ್ಲುತ್ತದೆ, 100ರದ್ದು 84 ಮೀಟರಿನಲ್ಲಿ. 140ರದ್ದು ನಿಲ್ಲಲು ಸುಮಾರು 150 ಮೀಟರ್ ಬೇಕು. ಮಳೆ ಬಿದ್ದ ರಸ್ತೆಯಾದರೆ 230.

ಇನ್ನೊಂದು ಲೆಕ್ಕವಿದೆ, ಇದನ್ನು ದಯವಿಟ್ಟು ಎರಡು ಸಲ ಓದಿ. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ, ಒಂದು 100ರಲ್ಲಿ, ಇನ್ನೊಂದು 140ರಲ್ಲಿ. ಇಬ್ಬರಿಗೂ ಒಂದೇ ಜಾಗದಲ್ಲಿ ಎದುರಿನ ಲಾರಿ ಕಂಡಿತು, ಇಬ್ಬರೂ ಒಂದೇ ಚುರುಕಿನಿಂದ ಬ್ರೇಕ್ ಒತ್ತಿದರು. 100ರ ಕಾರು ಲಾರಿಯನ್ನು ಮುಟ್ಟದೆ ಕೂದಲೆಳೆಯಲ್ಲಿ ನಿಂತಿತು. ಆ ಜಾಗಕ್ಕೆ ಬಂದಾಗ 140ರ ಕಾರಿನ ವೇಗ ಎಷ್ಟಿರುತ್ತದೆ ಗೊತ್ತೇ? ನಲವತ್ತು ಎನ್ನುತ್ತಾರೆ ಎಲ್ಲರೂ. ಅಲ್ಲ, ಗಂಟೆಗೆ 107 ಕಿ.ಮೀ. ಶಕ್ತಿ ವೇಗದ ವರ್ಗದಂತೆ ಏರುತ್ತದೆ. 100ಕ್ಕಿಂತ 140ರಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಜೊತೆಗೆ ಆ ಒಂದು ಸೆಕೆಂಡಿನಲ್ಲಿ ನೀವು ಬ್ರೇಕ್ ಮುಟ್ಟದೆಯೇ ಹನ್ನೊಂದು ಮೀಟರ್ ಹೆಚ್ಚು ಕಳೆದುಕೊಂಡಿರುತ್ತೀರಿ.

ಇನ್ನು ನಕ್ಷತ್ರಗಳ ವಿಷಯ. ಕಾರುಗಳಿಗೆ ಆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಎಂಬ ವ್ಯವಸ್ಥೆ ಎದುರಿನ ಡಿಕ್ಕಿಯ ಪರೀಕ್ಷೆಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಮಾಡುತ್ತದೆ. ನಿಮ್ಮ ಐದು ನಕ್ಷತ್ರ ಆ ವೇಗಕ್ಕೆ ಸಿಕ್ಕಿದ್ದು. 107ಕ್ಕೆ ಯಾವ ಕಾರಿಗೂ ಯಾರೂ ನಕ್ಷತ್ರ ಕೊಟ್ಟಿಲ್ಲ.

ಗಳಿಕೆ ಎಷ್ಟು ನೋಡೋಣ. ಹಾವೇರಿಗೆ 70 ಕಿ.ಮೀ. ಎಂದಿಟ್ಟುಕೊಳ್ಳಿ. ದಾರಿಯುದ್ದಕ್ಕೂ 100 ಹಿಡಿದರೆ 42 ನಿಮಿಷ, 140 ಹಿಡಿದರೆ 30. ಟೋಲು, ಊರು, ಲಾರಿ ಎಲ್ಲ ಕಳೆದರೆ ಆ ಹನ್ನೆರಡು ನಿಮಿಷವೂ ಕೈಗೆ ಬರುವುದಿಲ್ಲ.

ಗೋಕುಲ ರಸ್ತೆಯ ಹುಡುಗ

ಸರ್, 107ರ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ಸರಿಯಾಗಿದೆ. ಆದರೆ ಸಮಯ ಉಳಿಸಲು ನಾನು ಓಡಿಸುವುದಿಲ್ಲ, ಆ ಅನುಭವಕ್ಕಾಗಿ ಓಡಿಸುತ್ತೇನೆ. ಅಲ್ಲದೆ ನಿಮ್ಮ ಲೆಕ್ಕದಲ್ಲಿ ಎದುರಿಗೆ ಲಾರಿ ಇದೆ. ಅರ್ಧ ಕಿಲೋಮೀಟರ್ ಖಾಲಿ ಕಾಣುವಾಗ ನಿಲ್ಲಿಸುವ ಪ್ರಶ್ನೆಯೇ ಬರುವುದಿಲ್ಲವಲ್ಲ?

ಶಿಗ್ಗಾವಿಯ ರೈತ

ತಮ್ಮಾ, ನೀನು ಖಾಲಿ ಎನ್ನುವ ರಸ್ತೆಯ ಎರಡೂ ಮಗ್ಗುಲಿಗೆ ನಮ್ಮ ಹೊಲಗಳಿವೆ. ಏಕವಚನ ಬಳಸಿದ್ದಕ್ಕೆ ಬೇಸರ ಬೇಡ, ನನ್ನ ಮಗನ ವಯಸ್ಸು ನಿನಗೆ.

ರಸ್ತೆ ಅಗಲವಾದಾಗ ನಮ್ಮ ಮನೆ ಒಂದು ಕಡೆ ಉಳಿಯಿತು, ಹೊಲ ಇನ್ನೊಂದು ಕಡೆ. ದಾಟಲು ಕೆಳಸೇತುವೆ ಇದೆ, ಆದರೆ ಟ್ರ್ಯಾಕ್ಟರ್ ತೆಗೆದುಕೊಂಡು ಅಲ್ಲಿಯವರೆಗೆ ಸುತ್ತಿ ಬರಬೇಕು. ಗೋವಿನಜೋಳ ಬಂದಾಗ ಸರ್ವಿಸ್ ರಸ್ತೆಯ ತುಂಬ ಕಾಳು ಹರವಿರುತ್ತಾರೆ, ಗಾಡಿಗಳೆಲ್ಲ ಹೆದ್ದಾರಿಗೇ ಹತ್ತುತ್ತವೆ. ತಪ್ಪೆಂದು ಎಲ್ಲರಿಗೂ ಗೊತ್ತು, ಒಣಗಿಸಲು ಕಣ ಇಲ್ಲ ಎಂಬುದೂ ಅಷ್ಟೇ ನಿಜ. ನಸುಕಿನಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ವಿಭಜಕದ ಗಿಡಗಳ ನಡುವಿನ ಸಂದಿಯಲ್ಲಿ ದಾಟುತ್ತಾರೆ. ನಿನಗೆ ಒಂದೇ ಹಸಿರು ಗೆರೆಯಾಗಿ ಕಾಣುವ ಆ ಕಣಗಿಲೆಯ ಹಿಂದೆ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಒಬ್ಬಳು ನಿಂತಿರಬಹುದು. ಹೊರೆ ಹೊತ್ತವರು ಕುತ್ತಿಗೆ ಹೊರಳಿಸಿ ನೋಡಲಾರರು, ಇಡೀ ಮೈ ತಿರುಗಿಸಬೇಕು. ಅಷ್ಟರಲ್ಲಿ ನೀನು ಎಷ್ಟು ದೂರ ಬಂದಿರುತ್ತೀಯೆಂದು ಮಾಸ್ತರರೇ ಹೇಳಲಿ.

ಸಪ್ತಾಪುರದ ಮಾಸ್ತರ

ಹೇಳುತ್ತೇನೆ ಯಜಮಾನರೇ. ಒಂದು ಬದಿಯ ಮೂರು ಪಥಗಳ ಅಗಲ ಹತ್ತೂವರೆ ಮೀಟರ್. ಹೊರೆ ಹೊತ್ತವರು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ಹತ್ತೂವರೆ ಸೆಕೆಂಡ್. ಅಷ್ಟು ಹೊತ್ತಿನಲ್ಲಿ 80ರಲ್ಲಿ ಬರುವ ಕಾರು ಸುಮಾರು 235 ಮೀಟರ್ ಬರುತ್ತದೆ, 140ರ ಕಾರು 400 ಮೀಟರಿಗೂ ಹೆಚ್ಚು. ದಾಟುವವರು ಅಳೆಯುವುದು ದೂರವನ್ನು. ನೇರವಾಗಿ ತಮ್ಮ ಕಡೆಗೇ ಬರುತ್ತಿರುವ ವಾಹನದ ವೇಗವನ್ನು ಅಷ್ಟು ದೂರದಿಂದ ಅಂದಾಜು ಮಾಡಲು ಮನುಷ್ಯರ ಕಣ್ಣಿಗೆ ಬಹಳ ಕಷ್ಟ. ಮುನ್ನೂರು ಮೀಟರ್ ದೂರದಲ್ಲಿ ಕಾರು ಕಂಡಾಗ ಆಕೆ ತನ್ನ ರೂಢಿಯಂತೆ ಹೆಜ್ಜೆ ಇಡುತ್ತಾಳೆ. ಬೇರೆ ಕಾರುಗಳ ವಿಷಯದಲ್ಲಿ ಆ ಅಂದಾಜು ಸರಿ, ನಿಮ್ಮ ಕಾರಿನ ವಿಷಯದಲ್ಲಿ ಮಾತ್ರ ಅಲ್ಲ.

ರಾಣೆಬೆನ್ನೂರು ಬೈಕ್ ಸವಾರ

ಹಾಗಾದರೆ ತಪ್ಪು ರಸ್ತೆಯದ್ದು, ವೇಗದ್ದಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್ ನೋಡಿ. ಎರಡೂ ತುದಿಗೆ ಅಗಲವಾದ ಹೆದ್ದಾರಿ, ನಡುವಿನ ಸುಮಾರು 30 ಕಿ.ಮೀ. ಮಾತ್ರ ಆಗ ವಿಭಜಕವಿಲ್ಲದ ಎರಡು ಪಥವಾಗಿತ್ತು. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ ಏನಾಯಿತೆಂದು ಎಲ್ಲರಿಗೂ ನೆನಪಿದೆ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರ್‌ಗೂ ಡಿಕ್ಕಿ. ಹತ್ತಕ್ಕೂ ಹೆಚ್ಚು ಜೀವ ಹೋಯಿತು. ವಿಭಜಕ ಇದ್ದಿದ್ದರೆ?

ಸಪ್ತಾಪುರದ ಮಾಸ್ತರ

ಅದನ್ನು ಒಪ್ಪುತ್ತೇನೆ, ಪೂರ್ತಿಯಾಗಿ. ಆ ಬೈಪಾಸ್ ಅಗಲವಾಗಬೇಕೆಂದು ಧಾರವಾಡದ ಜನ ವರ್ಷಗಟ್ಟಲೆ ಕೂಗಿದ್ದರು. ಆದರೆ ಕೆಟ್ಟ ರಸ್ತೆ ಎಂದು ಗೊತ್ತಿದ್ದರೆ ಅಲ್ಲಿ ವೇಗ ಇಳಿಯಬೇಕಲ್ಲವೇ? ನರೇಂದ್ರ ಕ್ರಾಸ್ ತನಕ ನೂರರಲ್ಲಿ ಬಂದವರು ಅದೇ ಗುಂಗಿನಲ್ಲಿ ಎರಡು ಪಥದೊಳಗೆ ನುಗ್ಗುತ್ತಿದ್ದರು. ರಸ್ತೆ ಕಟ್ಟಿದವರ ಹೊಣೆ ಅವರದ್ದು, ಓಡಿಸುವವನ ಹೊಣೆ ಅವನದ್ದು. ಒಂದನ್ನು ತೋರಿಸಿ ಇನ್ನೊಂದನ್ನು ಮನ್ನಾ ಮಾಡಲಾಗದು.

ಬಸ್ ಚಾಲಕ (ನಿವೃತ್ತ), ಗದಗ

ಆ ಗುಂಗು ಎಂದಿರಲ್ಲ ಸರ್, ಅದರ ಬಗ್ಗೆ ನಾನು ಹೇಳಬೇಕು. ಗದಗ–ಹುಬ್ಬಳ್ಳಿ, ಹುಬ್ಬಳ್ಳಿ–ಬೆಂಗಳೂರು, ಎರಡೂ ಮಾರ್ಗದಲ್ಲಿ ದುಡಿದವನು ನಾನು. ಒಂದು ತಾಸು ಸತತ ವೇಗದಲ್ಲಿ ಹೋದ ಮೇಲೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ 80ಕ್ಕೆ ಇಳಿಸಿದರೆ ಗಾಡಿ ನಿಂತೇ ಹೋಯಿತು ಎನ್ನಿಸುತ್ತದೆ. ಹೆದ್ದಾರಿ ಬಿಟ್ಟು ಊರೊಳಗೆ ಹೊರಳುವಾಗ ಆಗುವ ಅಪಘಾತಗಳಿಗೆ ಇದೇ ಮೂಲ. ಅಣ್ಣಿಗೇರಿಯ ತಿರುವಿನಲ್ಲಿ 70ರಲ್ಲಿ ನುಗ್ಗುವ ಹುಡುಗ ತಾನು ನಿಧಾನವಾಗಿದ್ದೇನೆಂದು ಪ್ರಾಮಾಣಿಕವಾಗಿ ನಂಬಿರುತ್ತಾನೆ. ಆಗ ಕಣ್ಣನ್ನು ನಂಬಬಾರದು, ಮೀಟರ್ ನೋಡಬೇಕು. ಹೊಸದಾಗಿ ಬಂದ ಚಾಲಕರಿಗೆ ನಾವು ಮೊದಲು ಹೇಳುತ್ತಿದ್ದ ಮಾತು ಇದೇ.

ಎರಡನೆಯದು ರಾತ್ರಿ. ಡಿಪ್ ಹೆಡ್‌ಲೈಟಿನ ಬೆಳಕಿನಲ್ಲಿ, ಬಣ್ಣ ಮಾಸಿದ, ಹಿಂದಿನ ದೀಪ ಇಲ್ಲದ ಲಾರಿ ಕಾಣಿಸುವುದು ಐವತ್ತು ಅರವತ್ತು ಮೀಟರಿಗೆ ಬಂದಾಗ. ಮಾಸ್ತರರು ಕೊಟ್ಟ ಅಂಕಿ ಪಕ್ಕದಲ್ಲಿ ಇಟ್ಟು ನೋಡಿ, 100ಕ್ಕೇ 84 ಮೀಟರ್ ಬೇಕು. ಅಂದರೆ ನೀವು ಕಾಣದ ಜಾಗಕ್ಕೆ ಗಾಡಿ ಓಡಿಸುತ್ತಿದ್ದೀರಿ.

2024ರ ಜೂನ್ 28ರ ನಸುಕು ನೆನಪಿಸಿಕೊಳ್ಳಿ. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ನಿಂತ ಲಾರಿಗೆ ಹಿಂದಿನಿಂದ ಬಡಿಯಿತು, 13 ಜನ ತೀರಿಕೊಂಡರು. ಅದೇ ನಿಮ್ಮ ಹಾವೇರಿ ಮಾರ್ಗ, ಅದೇ ಆರು ಪಥ, ಅದೇ ಖಾಲಿ ಹೊತ್ತು. ರಸ್ತೆ ಖಾಲಿ ಎಂದು ಎಲ್ಲರಿಗೂ ಅನ್ನಿಸುವ ಹೊತ್ತಿನಲ್ಲೇ ಲಾರಿಯವನು ಪಕ್ಕಕ್ಕೆ ನಿಲ್ಲಿಸಿ ಮಲಗಿರುತ್ತಾನೆ.

ಟೈರ್ ಅಂಗಡಿ, ಹಾವೇರಿ

ಇಷ್ಟು ಮಾತಾಯಿತು, ರಸ್ತೆ ಮುಟ್ಟುವ ವಸ್ತುವಿನ ಬಗ್ಗೆ ಯಾರೂ ಮಾತನಾಡಲಿಲ್ಲ. ಟೈರಿನ ಮಗ್ಗುಲಲ್ಲಿ ಅಳತೆಯ ಕೊನೆಗೆ ಒಂದು ಅಕ್ಷರ ಇರುತ್ತದೆ. ಟಿ ಎಂದರೆ 190, ಎಚ್ ಎಂದರೆ 210, ವಿ ಎಂದರೆ 240 ಕಿ.ಮೀ. ತನಕ ತಾಳುತ್ತದೆ ಎಂದು ಅರ್ಥ. ಇದನ್ನು ನೋಡಿ ಹುಡುಗರು ಧೈರ್ಯ ತಂದುಕೊಳ್ಳುತ್ತಾರೆ. ಆ ಅಂಕಿ ಸರಿಯಾದ ಹವಾ ಇರುವ, ಗಾಯವಿಲ್ಲದ, ಮಿತಿಯೊಳಗಿನ ಭಾರ ಹೊತ್ತ ಟೈರಿಗೆ. ನನ್ನಲ್ಲಿಗೆ ಬರುವ ಕಾರುಗಳಲ್ಲಿ ನಾಲ್ಕೂ ಟೈರಿಗೆ ಸಮ ಹವಾ ಇರುವುದು ಅಪರೂಪ.

ಹವಾ ಕಡಿಮೆ ಇದ್ದರೆ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ವೇಗ ಹೆಚ್ಚಿದಷ್ಟೂ ಮಡಚುವುದು ಹೆಚ್ಚು, ಕಾವು ಹೆಚ್ಚು. ಒಳಗಿನ ಎಳೆಗಳು ಒಂದೊಂದಾಗಿ ಬಿಡುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಒಡೆದಾಗ ಜನ ಬಿಸಿಲಿಗೆ ಒಡೆಯಿತು ಎನ್ನುತ್ತಾರೆ. ಏಪ್ರಿಲ್ ಬಿಸಿಲು ಕೊನೆಯ ನೂಕು ಕೊಡುತ್ತದೆ, ನಿಜ. ಕೆಟ್ಟಿದ್ದು ಅದಕ್ಕೂ ಬಹಳ ಮೊದಲು. ಟೈರ್ ಕಳಚಿ ಒಳಗೆ ಕೈಯಾಡಿಸಿದರೆ ಕಪ್ಪು ರಬ್ಬರ್ ಪುಡಿ ಬೆರಳಿಗೆ ಹತ್ತುತ್ತದೆ. ಆ ಪುಡಿ ಕಂಡ ಟೈರನ್ನು ನಾನು ಮತ್ತೆ ಹಾಕಿಕೊಡುವುದಿಲ್ಲ, ಗಿರಾಕಿ ಜಗಳವಾಡಿದರೂ ಅಷ್ಟೇ.

ನಾಲ್ಕು ಅಂಕಿಯ ತಾರೀಖೂ ಅಲ್ಲೇ ಇರುತ್ತದೆ. 3221 ಎಂದಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹವಾ ನೋಡಿಸುವುದು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ. ಲಾರಿಯ ರೀಟ್ರೆಡ್ ಟೈರಿನಿಂದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ ಟೈರಿನಿಂದ, ಕಳಚಿಬಿದ್ದ ಪಟ್ಟಿಗಳು ಮೋಟೆಬೆನ್ನೂರು ಕಡೆ ಎಷ್ಟು ಬಿದ್ದಿರುತ್ತವೆ ನೋಡಿದ್ದೀರಲ್ಲ. ಅದರ ಮೇಲೆ 80ರಲ್ಲಿ ಹಾಯ್ದರೆ ಸದ್ದಾಗುತ್ತದೆ, 140ರಲ್ಲಿ ಸ್ಟೇರಿಂಗ್ ಕಿತ್ತುಕೊಳ್ಳುತ್ತದೆ.

ರಾತ್ರಿ ಪಾಳಿ

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಹೆದರಿಸಲು ಬರೆಯುತ್ತಿಲ್ಲ, ಏರ್‌ಬ್ಯಾಗ್ ಎಂಬ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ಬದುಕಿದವರ ಮೈಮೇಲೆ ನಾವು ಮೊದಲು ಹುಡುಕುವುದು ಹೆಗಲಿನಿಂದ ಸೊಂಟದ ತನಕ ಓರೆಯಾಗಿ ಕಂದುಗಟ್ಟಿದ ಪಟ್ಟಿಯನ್ನು. ಅದು ಸೀಟ್ ಬೆಲ್ಟಿನ ಗುರುತು. ಒಳಗೆ ಎಲ್ಲೆಲ್ಲಿ ಪೆಟ್ಟಾಗಿರಬಹುದೆಂದು ವೈದ್ಯರಿಗೆ ಅದು ಹೇಳುತ್ತದೆ, ಆ ಮನುಷ್ಯ ಗಾಜು ಒಡೆದು ಹೊರಗೆ ಬೀಳಲಿಲ್ಲ ಎಂದೂ ಹೇಳುತ್ತದೆ. ಆದರೆ ಒಂದು ವೇಗ ದಾಟಿದ ಮೇಲೆ ಬೆಲ್ಟ್, ಬ್ಯಾಗ್ ಎರಡೂ ನಿಮ್ಮ ಮೈಯನ್ನು ನಿಲ್ಲಿಸುತ್ತವೆ, ಮೈಯೊಳಗಿನದನ್ನು ನಿಲ್ಲಿಸುವುದಿಲ್ಲ. ಎದೆಯ ಗೂಡು ನಿಂತಾಗ ಹೃದಯ ಇನ್ನೂ ಮುಂದಕ್ಕೆ ಹೋಗುತ್ತಿರುತ್ತದೆ, ಅದರಿಂದ ಹೊರಟ ಮಹಾಪಧಮನಿ ಹರಿಯುತ್ತದೆ. ಹಾಗಾದವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಬಾಗಿಲಿಗೇ ಬರುವುದಿಲ್ಲ. ಬಂದರೂ ಮೈಮೇಲೆ ದೊಡ್ಡ ಗಾಯ ಇರುವುದಿಲ್ಲ. ಚೆನ್ನಾಗಿಯೇ ಇದ್ದಾನಲ್ಲ ಎಂದು ಮನೆಯವರು ನಮ್ಮನ್ನೇ ಕೇಳುತ್ತಿರುತ್ತಾರೆ.

ಹಿಂದಿನ ಸೀಟಿನಲ್ಲಿ ಕೂತವರು ದಯವಿಟ್ಟು ಬೆಲ್ಟ್ ಹಾಕಿಕೊಳ್ಳಿ. ಬೆಲ್ಟ್ ಇಲ್ಲದೆ ಹಿಂದೆ ಕೂತ ಅಪ್ಪನೋ ಅಕ್ಕನೋ ಡಿಕ್ಕಿಯಲ್ಲಿ ಮುಂದಿನ ಸೀಟಿನವರ ಮೇಲೆ ತಮ್ಮ ಪೂರ್ತಿ ಭಾರದಿಂದ ಬೀಳುತ್ತಾರೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದೆ ಕೂರಬೇಡಿ. 108 ಎಲ್ಲರಿಗೂ ಗೊತ್ತು. ಹೆದ್ದಾರಿಗೆ 1033 ಎಂಬ ಸಹಾಯವಾಣಿಯೂ ಇದೆ, ಅದನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗಾಯಾಳುವನ್ನು ಕರೆತಂದವರನ್ನು ಪೊಲೀಸರು ಸಾಕ್ಷಿಯಾಗಲು ಬಲವಂತ ಮಾಡುವಂತಿಲ್ಲ, ಕಾನೂನಿನಲ್ಲಿ ಅವರಿಗೆ ರಕ್ಷಣೆ ಇದೆ. ಹೆದರಿ ಬಿಟ್ಟು ಹೋಗಬೇಡಿ.

ಗೋಕುಲ ರಸ್ತೆಯ ಹುಡುಗ

ಅಕ್ಕಾ, ಓದಿದೆ. ಮನೆಯವರಿಗೂ ಓದಿ ಹೇಳಿದೆ.

ಕೋರ್ಟ್ ರಸ್ತೆ, ಧಾರವಾಡ

ಕಾನೂನನ್ನೂ ಸೇರಿಸುತ್ತೇನೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ವಿಭಜಕವಿರುವ ನಾಲ್ಕು ಪಥದಲ್ಲಿ 100, ಬೈಕಿಗೆ 80 ಎಂದಿತ್ತು. ಫಲಕದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಫಲಕವೇ ಅಂತಿಮ. ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ದಂಡ ಮಾತ್ರವಲ್ಲ, ಎಫ್‌ಐಆರ್ ಹಾಕುವುದಾಗಿ ಪೊಲೀಸರು ಪ್ರಕಟಿಸಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಆರು ತಿಂಗಳ ತನಕ ಸೆರೆ. ಯಾರಾದರೂ ಸತ್ತರೆ 106ನೇ ಕಲಂ, ಐದು ವರ್ಷದ ತನಕ. ಎಫ್‌ಐಆರ್ ಇದ್ದರೆ ಪಾಸ್‌ಪೋರ್ಟಿಗೆ, ಸರ್ಕಾರಿ ನೌಕರಿಗೆ ಅಲೆದಾಡಬೇಕಾಗುತ್ತದೆ. ಮಕ್ಕಳ ಕೈಗೆ ಗಾಡಿ ಕೊಡುವ ತಂದೆ ತಾಯಿಯೂ ತಿಳಿದುಕೊಳ್ಳಲಿ: ಅಪ್ರಾಪ್ತ ವಯಸ್ಕರು ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೇ ಮೂರು ವರ್ಷದ ತನಕ ಸೆರೆ ಮತ್ತು 25,000 ರೂಪಾಯಿ ದಂಡ ಇದೆ.

ರಾಣೆಬೆನ್ನೂರು ಬೈಕ್ ಸವಾರ

ಜರ್ಮನಿಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಬಸ್ ಚಾಲಕ (ನಿವೃತ್ತ), ಗದಗ

ಕೊಡುತ್ತೇನೆ. ನನ್ನ ಅಳಿಯ ಅಲ್ಲಿದ್ದಾನೆ, ಅವನ ಗಾಡಿಯಲ್ಲಿ ಕೂತು ಆಟೋಬಾನ್ ಎಂಬ ಅಲ್ಲಿಯ ಹೆದ್ದಾರಿ ನೋಡಿದ್ದೇನೆ. ವೇಗಕ್ಕೆ ಮಿತಿಯಿಲ್ಲದ ಭಾಗಗಳಲ್ಲೂ 130 ಎಂಬ ಸಲಹಾ ವೇಗ ಇದೆ. ಗಂಟೆಗೆ 60 ಕಿ.ಮೀ. ಮೀರಿ ಓಡಲಾರದ ವಾಹನಕ್ಕೆ ಆ ರಸ್ತೆಗೆ ಪ್ರವೇಶವೇ ಇಲ್ಲ. ಟ್ರ್ಯಾಕ್ಟರ್ ಇಲ್ಲ, ಸೈಕಲ್ ಇಲ್ಲ, ಚಕ್ಕಡಿ ಇಲ್ಲ, ನಡೆಯುವವರಿಲ್ಲ. ತಪ್ಪು ಬದಿಯಿಂದ ಓವರ್‌ಟೇಕ್ ಮಾಡುವಂತಿಲ್ಲ, ಮುಂದೆ ದಾಟಿದವನು ಕೂಡಲೇ ತನ್ನ ಪಥಕ್ಕೆ ಮರಳಬೇಕು. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ, ಒಂದೇ ನಿಯಮಕ್ಕೆ ಓಡುತ್ತಾರೆ. ಕೊಲ್ಲುವುದು ಬರೀ ವೇಗವಲ್ಲ ತಮ್ಮಾ, ಎರಡು ವಾಹನಗಳ ವೇಗದ ನಡುವಿನ ಅಂತರ. ನಮ್ಮ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಲಿ 20ರಲ್ಲಿ ಹೋಗುತ್ತದೆ, ನೀನು 140ರಲ್ಲಿ ಬರುತ್ತೀಯ. ನಡುವೆ 120 ಇದೆ.

ಹಾನಗಲ್ಲ ಹೋರಿ

ಇಲ್ಲಿ ಎಲ್ಲರೂ ಆ ಹುಡುಗನ ಆಸೆಯನ್ನೇ ತಪ್ಪು ಎನ್ನುವ ಹಾಗೆ ಮಾತನಾಡುತ್ತಿದ್ದೀರಿ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಹಾವೇರಿ ಸೀಮೆಯವರಿಗೆ ವೇಗದ ಹುಚ್ಚು ಇಂದಿನದಲ್ಲ. ದೀಪಾವಳಿ ಕಳೆದ ಮೇಲೆ ಊರೂರಲ್ಲಿ ಕೊಬ್ಬರಿ ಹೋರಿ ಓಡುತ್ತವೆ. ಕೊರಳ ತುಂಬ ಕೊಬ್ಬರಿ ಸರ, ಕೋಡಿಗೆ ಬಲೂನು, ಮೈಮೇಲೆ ಜೂಲ ಹೊತ್ತ ಹೋರಿ ಅಖಾಡ ಬಿಟ್ಟು ಚಿಮ್ಮಿದಾಗ ಎದೆಯಲ್ಲಿ ಆಗುವುದನ್ನು ಬೇರೆಯವರಿಗೆ ಹೇಳಿ ತಿಳಿಸಲಾಗದು. ಅಲ್ಲಿಯೂ ಜೀವ ಹೋಗಿದೆ. ಅದಕ್ಕೇ ಇಬ್ಬದಿಗೂ ಬೇಲಿ ಕಟ್ಟುತ್ತೇವೆ, ಆಂಬುಲೆನ್ಸ್ ನಿಲ್ಲಿಸುತ್ತೇವೆ, ಇಳಿಯುವವನು ಗೊತ್ತಿದ್ದೇ ಇಳಿಯುತ್ತಾನೆ. ಸಂತೆ ನಡೆಯುವ ಓಣಿಯಲ್ಲಿ ಯಾರೂ ಹೋರಿ ಬಿಡುವುದಿಲ್ಲ.

ಹುಡುಗನಿಗೂ ಅಖಾಡ ಬೇಕು. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ರೇಸ್ ಟ್ರ್ಯಾಕ್ ಇದೆ. ಕಲಿಸುವವರಿದ್ದಾರೆ, ಎದುರಿನಿಂದ ಯಾರೂ ಬರುವುದಿಲ್ಲ. ನಮ್ಮ ಕಡೆಗೂ ಒಂದು ಬೇಕೆಂದು ಕೇಳುವ ಹಕ್ಕು ನಮಗಿದೆ, ಕೇಳಬೇಕು.

ಗೋಕುಲ ರಸ್ತೆಯ ಹುಡುಗ

ಇದು ನನ್ನ ಮನಸ್ಸಿನ ಮಾತು. ಕೊಯಮತ್ತೂರಿಗೆ ಹೋಗಲು ವಿಚಾರಿಸುತ್ತೇನೆ, ಯಾರಾದರೂ ಜೊತೆಗೆ ಬರುವುದಿದ್ದರೆ ತಿಳಿಸಿ. ಹೆದ್ದಾರಿಯಲ್ಲಿ 100ಕ್ಕೆ ನಿಲ್ಲುತ್ತೇನೆ. ಬಂಕಾಪುರದ ಆಚೆಯ ಆ ಬೆಳಗಿನ ರಸ್ತೆಯನ್ನು ಕಂಡಾಗ ಕಾಲು ತಡೆಯುವುದು ಸುಲಭವಲ್ಲ, ಸುಲಭ ಎಂದು ಸುಳ್ಳು ಹೇಳಲಾರೆ. ಆ ಗಿಡಗಳ ಸಂದಿಯ ಮಾತು ನನ್ನನ್ನು ಹಿಡಿದುಕೊಂಡಿದೆ.

ಕಾಕಾ, ನಿಮ್ಮ ಊರಿನ ಟ್ರ್ಯಾಲಿಗಳಿಗೆ ಹಿಂದೆ ರಿಫ್ಲೆಕ್ಟರ್ ಇದೆಯೇ?

ಶಿಗ್ಗಾವಿಯ ರೈತ

ಹತ್ತರಲ್ಲಿ ಎರಡಕ್ಕೆ ಇದ್ದೀತು. ಇದ್ದದ್ದೂ ಮಣ್ಣು ಮೆತ್ತಿ ಕಾಣುವುದಿಲ್ಲ. ಕಬ್ಬು ಹೇರಿದರೆ ಗಳಗಳು ಹಿಂದಕ್ಕೆ ಚಾಚಿ ಇದ್ದ ದೀಪವೂ ಮುಚ್ಚುತ್ತದೆ.

ಟೈರ್ ಅಂಗಡಿ, ಹಾವೇರಿ

ರಿಫ್ಲೆಕ್ಟರ್ ಟೇಪ್ ನನ್ನ ಅಂಗಡಿಯಲ್ಲಿದೆ. ಹಿಂದಕ್ಕೆ ಕೆಂಪು, ಮಗ್ಗುಲಿಗೆ ಹಳದಿ, ಮುಂದಕ್ಕೆ ಬಿಳಿ. ಕೊಂಡ ಬೆಲೆಗೇ ಕೊಡುತ್ತೇನೆ. ಅಂಟಿಸುವ ಮೊದಲು ಸೀಮೆಎಣ್ಣೆ ಹಚ್ಚಿ ಒರೆಸಿ ಒಣಗಿಸಬೇಕು, ಇಲ್ಲವಾದರೆ ಮೊದಲ ಮಳೆಗೇ ಕಿತ್ತು ಬರುತ್ತದೆ.

ಗೋಕುಲ ರಸ್ತೆಯ ಹುಡುಗ

ಹಣದಲ್ಲಿ ನನ್ನ ಪಾಲು ಹಾಕುತ್ತೇನೆ, ಅಂಟಿಸಲೂ ಬರುತ್ತೇನೆ. ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಮುಗಿಸೋಣ.

ಶಿಗ್ಗಾವಿಯ ರೈತ

ರವಿವಾರ ಬಾ. ಟ್ರ್ಯಾಕ್ಟರುಗಳೆಲ್ಲ ಅಂದು ಊರಲ್ಲೇ ಇರುತ್ತವೆ, ಮುಂಜಾನೆ ಗುಡಿಯ ಮುಂದೆ ಸಾಲಾಗಿ ನಿಲ್ಲಿಸಲು ಹೇಳುತ್ತೇನೆ. ಸೀಮೆಎಣ್ಣೆ ಸಿಗುವುದು ಈಗ ಕಷ್ಟ, ಡೀಸೆಲ್‌ನಲ್ಲಿ ಒರೆಸಿದರೆ ನಡೆಯುತ್ತದೆಯೇ ಎಂದು ಅಂಗಡಿಯವರು ತಿಳಿಸಲಿ.

ಟೈರ್ ಅಂಗಡಿ, ಹಾವೇರಿ

ಡೀಸೆಲ್ ಬೇಡ, ಜಿಡ್ಡು ಉಳಿಯುತ್ತದೆ. ಥಿನ್ನರ್ ನಾನೇ ತರುತ್ತೇನೆ.